ಬಾಳೆಹಣ್ಣಿಗೆ ಮಾರ್ಕ್ಸ್ ಹಾಕುವ ಕ್ರಮ

ಈ ಕೈಪಿಡಿ ಯಾರಿಗೆ

ತೋವಿನಕೆರೆ ಸುತ್ತಮುತ್ತ ಅಡಿಕೆ ತೋಟದ ಸಾಲಿನ ನಡುವೆ ನಾಲ್ಕು ಬಾಳೆ ಇಟ್ಟುಕೊಂಡವರಿಗೆ. ಒಂದು ಬಾಳೆಯನ್ನೂ ಇಟ್ಟುಕೊಳ್ಳದೆ ಬಾಳೆಯ ಬಗ್ಗೆ ಗಟ್ಟಿ ಅಭಿಪ್ರಾಯ ಇಟ್ಟುಕೊಂಡವರಿಗೂ ಇದು ಅನ್ವಯಿಸುತ್ತದೆ. ಎರಡನೆಯವರೇ ಸಂಖ್ಯೆಯಲ್ಲಿ ಹೆಚ್ಚು, ಟೀ ಅಂಗಡಿ ಮುಂದೆ ಯಾವಾಗ ಬೇಕಾದರೂ ಸಿಗುತ್ತಾರೆ. ಪ್ರಯೋಗಕ್ಕೆ ಕೂರುವಾಗ ಹಳೇ ಬಟ್ಟೆ ಹಾಕಿಕೊಳ್ಳಿ. ಬಾಳೆಯ ಸೊನೆ ಬಿಳಿ ಪಂಚೆಗೆ ತಾಗಿದರೆ ಹೋಗುವುದಿಲ್ಲ. ಈ ಕೈಪಿಡಿಯಲ್ಲಿ ಪೂರ್ತಿ ಗ್ಯಾರಂಟಿ ಕೊಡಬಹುದಾದ ಮಾತು ಇದೊಂದೇ.

ಬೇಕಾಗುವ ಸಾಮಾನು

ಏಲಕ್ಕಿ ಬಾಳೆ ಒಂದು ಚಿಪ್ಪು. ಪಚ್ಚಬಾಳೆ ಒಂದು ಚಿಪ್ಪು. ಜಿ-9 ಒಂದು ಚಿಪ್ಪು, ಪಚ್ಚಬಾಳೆಗೂ ಇದಕ್ಕೂ ವ್ಯತ್ಯಾಸ ಕೇಳಬೇಡಿ, ಎರಡೂ ಕ್ಯಾವೆಂಡಿಶ್ ಮನೆತನದ ದಾಯಾದಿಗಳು. ನಂಜನಗೂಡು ರಸಬಾಳೆ, ಸಿಕ್ಕರೆ. ಸಾರಿನ ಬೂದುಬಾಳೆ ಒಂದು, ಬರೀ ಹೋಲಿಕೆಗೆ. ಚಾಕು, ತಕ್ಕಡಿ, ರಸದ ಸಿಹಿ ಅಳೆಯುವ ರಿಫ್ರ್ಯಾಕ್ಟೋಮೀಟರ್. ಕೊನೆಯದಾಗಿ, ದಾಕ್ಷಿಣ್ಯಕ್ಕೆ ಸುಳ್ಳು ಹೇಳುವುದನ್ನು ಇನ್ನೂ ಕಲಿಯದ ಒಂದು ಮಗು.

ಮೊದಲ ಹಂತ: ಬಣ್ಣ ನೋಡಿ ಮೋಸಹೋಗಿ

ಪ್ರಪಂಚದ ಬಾಳೆ ವ್ಯಾಪಾರವೆಲ್ಲ ನಡೆಯುವುದು ಏಳು ಮೆಟ್ಟಿಲಿನ ಒಂದು ಬಣ್ಣದ ಪಟ್ಟಿಯ ಮೇಲೆ. ಒಂದು ಅಂದರೆ ಪೂರ್ತಿ ಹಸಿರು. ಐದು ಅಂದರೆ ಮೈಯೆಲ್ಲ ಹಳದಿ, ತೊಟ್ಟು ಮತ್ತು ತುದಿ ಮಾತ್ರ ಹಸಿರು. ಆರು ಪೂರ್ತಿ ಹಳದಿ. ಏಳು ಅಂದರೆ ಹಳದಿಯ ಮೇಲೆ ಕಂದು ಚುಕ್ಕಿ. ಈಗ ಪಟ್ಟಿಯನ್ನು ಕೈಯಲ್ಲಿ ಹಿಡಿದು ಮನೆಯಲ್ಲೇ ಹಣ್ಣಿಗೆ ಹಾಕಿದ ಪಚ್ಚಬಾಳೆಯ ಮುಂದೆ ನಿಲ್ಲಿ. ಹಣ್ಣು ಒತ್ತಿದರೆ ಮೆತ್ತಗಿದೆ, ಸುಲಿದರೆ ಘಮ ಬರುತ್ತದೆ, ನಾಲಿಗೆಗೆ ಸಕ್ಕರೆ. ಪಟ್ಟಿಯ ಪ್ರಕಾರ ಮಾತ್ರ ಅದಿನ್ನೂ ಎರಡನೇ ಮೆಟ್ಟಿಲಲ್ಲೇ ಇದೆ!

ತಪ್ಪು ಹಣ್ಣಿನದಲ್ಲ, ಹವೆಯದು. ಹಣ್ಣಾಗುವ ಹೊತ್ತಿನಲ್ಲಿ ಉಷ್ಣತೆ ಸುಮಾರು 24 ಡಿಗ್ರಿ ದಾಟಿದರೆ ಕ್ಯಾವೆಂಡಿಶ್ ಜಾತಿಯ ಸಿಪ್ಪೆಯಲ್ಲಿ ಹಸಿರು ಪೂರ್ತಿ ಕರಗುವುದಿಲ್ಲ. ಒಳಗಿನ ಪಿಷ್ಟ ಮಾತ್ರ ತನ್ನ ಪಾಡಿಗೆ ಸಕ್ಕರೆಯಾಗುತ್ತಾ ಹೋಗುತ್ತದೆ. ಬೇಸಿಗೆಯಲ್ಲಿ ಸಿದ್ಧರಬೆಟ್ಟದ ಬುಡದಲ್ಲಿ 24 ಡಿಗ್ರಿ ಬೇಕೆಂದರೆ ಬೆಳಗಿನ ಜಾವವೇ ಎದ್ದು ಹುಡುಕಬೇಕು. ಪೇಟೆಯಲ್ಲಿ ಅದೇ ಕುಲದ ಹಣ್ಣು ನಿಂಬೆಯ ಬಣ್ಣದಲ್ಲಿ ಹೊಳೆಯುವುದು ತಂಪು ಕೋಣೆಯ ಪುಣ್ಯ. ಅಲ್ಲಿ ಎಥಿಲೀನ್ ಅನಿಲ ಬಿಟ್ಟು, ಹದವಾದ ತಣ್ಣನೆಯಲ್ಲಿ ಸಿಪ್ಪೆಯನ್ನೂ ತಿರುಳನ್ನೂ ಜೊತೆಜೊತೆಯಾಗಿ ನಡೆಸುತ್ತಾರೆ. ಎಥಿಲೀನ್‌ಗೆ ಕಾನೂನಿನ ಒಪ್ಪಿಗೆ ಇದೆ, ಕಾರ್ಬೈಡ್‌ಗೆ ಇಲ್ಲ. ಕಾರ್ಬೈಡ್ ಹಾಕಿದ ಹಣ್ಣು ಬೇಗ ಹಳದಿಯಾಗುತ್ತದೆ, ಒಳಗೆ ಚಪ್ಪೆಯಾಗಿ ಕೂತಿರುತ್ತದೆ. ಹೀಗೆ, ಬಣ್ಣಕ್ಕೆ ಪೂರ್ತಿ ಮಾರ್ಕ್ಸ್ ಹಾಕುವ ಪರೀಕ್ಷಕರ ಎದುರು ಕಾಪಿ ಹೊಡೆದ ಹಣ್ಣು ಪಾಸು, ಪಾಠ ಓದಿದ ಹಣ್ಣು ಫೇಲು.

ಅಂಗಡಿ ಮುಂದೆ ಈ ಸಂಭಾಷಣೆ ದಿನಾ ನಡೆಯುತ್ತದೆ:

"ಏನಣ್ಣಾ, ಏಲಕ್ಕಿಗೆ ಆಗ್ಲೇ ಚುಕ್ಕಿ ಬಿದ್ದೈತಲ್ಲ."

"ಚುಕ್ಕಿ ಬಿದ್ರೇನೇ ಸಿಹಿ ಕಣಕ್ಕಾ. ತಿಂದು ನೋಡು, ಆಮೇಲೆ ಮಾತಾಡು."

"ತಿನ್ನಕ್ಕಲ್ಲ, ತಾಂಬೂಲಕ್ಕೆ."

ಅಕ್ಕನ ಕೊನೆಯ ಮಾತು ಬಹಳ ದೊಡ್ಡದು. ತಾಂಬೂಲದ ಎರಡು ಹಣ್ಣು ನೋಡುವುದಕ್ಕೆ, ಕೈಯಿಂದ ಕೈಗೆ ದಾಟುವುದಕ್ಕೆ. ಅದಕ್ಕೆ ಬೇಕಾದ ಗುಣ ಬೇರೆ, ತಿನ್ನುವುದಕ್ಕೆ ಬೇಕಾದ ಗುಣ ಬೇರೆ. ವರಮಹಾಲಕ್ಷ್ಮಿ ಹಬ್ಬದ ವಾರ ಏಲಕ್ಕಿ ದರ ಏರುವುದು ರುಚಿ ದಿಢೀರನೆ ಹೆಚ್ಚಾಯಿತೆಂದಲ್ಲ. ಆದ್ದರಿಂದ ಯಾವ ಹಣ್ಣು ಮೇಲು ಎಂದು ತೀರ್ಮಾನಿಸುವ ಮೊದಲು, ಯಾತಕ್ಕೆ ಎಂದು ಒಂದು ಸಾಲು ಬರೆದುಕೊಳ್ಳಿ. ಈ ಸಾಲು ಬಿಟ್ಟುಹೋದ ಎಷ್ಟೋ ತಳಿ ಹೋಲಿಕೆಗಳು ಚೆಂದದ ಪಟ್ಟಿಗಳಾಗಿ ಮಾತ್ರ ಉಳಿದಿವೆ.

ಎರಡನೇ ಹಂತ: ತೂಕ

ತಕ್ಕಡಿಗೆ ಹಾಕಿ. ಜಿ-9 ಗೆಲ್ಲುತ್ತದೆ. ಚೆನ್ನಾಗಿ ನೋಡಿಕೊಂಡರೆ 25-30 ಕಿಲೋ ಗೊನೆ, ಹನ್ನೊಂದು-ಹನ್ನೆರಡು ತಿಂಗಳಿಗೆ ಕಟಾವು, ತೋಟವೆಲ್ಲ ಒಟ್ಟಿಗೆ. ಏಲಕ್ಕಿ ಗೊನೆ ಅದರ ಮುಂದೆ ತಮ್ಮನಂತೆ ಕಾಣುತ್ತದೆ, ಕಿಲೋ ದರದಲ್ಲಿ ಅಣ್ಣನನ್ನು ಹಿಂದೆ ಹಾಕುತ್ತದೆ. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ, ವ್ಯಾಪಾರಿ ನಿಮಗಿಂತ ಚೆನ್ನಾಗಿ ಲೆಕ್ಕ ಹಾಕಿರುತ್ತಾನೆ.

ಮೂರನೇ ಹಂತ: ನಾಲಿಗೆ

ಎರಡು ಹನಿ ರಸವನ್ನು ರಿಫ್ರ್ಯಾಕ್ಟೋಮೀಟರ್‌ನ ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿಯಿರಿ. ಬಾಳೆಯಿಂದ ರಸ ಬರುವುದಿಲ್ಲ, ಅಂಟು ಬರುತ್ತದೆ. ಆದ್ದರಿಂದ ಮೊದಲು ತಿರುಳನ್ನು ಕಿವುಚಿ ಬಟ್ಟೆಯಲ್ಲಿ ಸೋಸಿಕೊಳ್ಳಿ. 20 ಬ್ರಿಕ್ಸ್ ತೋರಿಸಿದರೆ ನೂರು ಗ್ರಾಂ ರಸದಲ್ಲಿ ಸುಮಾರು 20 ಗ್ರಾಂ ಕರಗಿದ ಪದಾರ್ಥ, ಹೆಚ್ಚುಕಡಿಮೆ ಎಲ್ಲ ಸಕ್ಕರೆ ಎಂದರ್ಥ. ಬರೆದುಕೊಳ್ಳಿ. ಆಮೇಲೆ ಮಗುವಿಗೆ ತಿನ್ನಿಸಿ. ಎರಡೂ ತಾಳೆಯಾಗದಿದ್ದರೆ ಮಗು ಹೇಳಿದ್ದನ್ನು ಇಟ್ಟುಕೊಳ್ಳಿ. ರುಚಿ ಎಂದರೆ ಸಕ್ಕರೆಯೊಂದೇ ಅಲ್ಲ. ಸಕ್ಕರೆಯ ಹಿಂದೆ ನಿಂತ ಚೂರು ಹುಳಿ, ಮೂಗಿಗೆ ಬರುವ ಘಮ, ಹಲ್ಲಿಗೆ ಸಿಗುವ ತಿರುಳಿನ ಬಿಗಿ ಇವೆಲ್ಲ ಸೇರಬೇಕು. ಏಲಕ್ಕಿಯಲ್ಲಿ ಈ ಬಿಗಿ ಇದೆ. ಅತಿಯಾಗಿ ಹಣ್ಣಾದ ಜಿ-9ರಲ್ಲಿ ಹಲ್ಲಿಗೆ ಕೆಲಸವೇ ಇಲ್ಲ.

ರಸಬಾಳೆ ಸಿಕ್ಕಿದ್ದರೆ ಅದನ್ನು ಕೊನೆಗೆ ಇಡಿ, ಮೊದಲೇ ತಿಂದರೆ ಉಳಿದವುಗಳ ಮಾರ್ಕ್ಸ್ ಕೆಡುತ್ತದೆ. ಆದರೆ ಅದರ ದೋಷವನ್ನೂ ಬರೆಯಬೇಕು: ತಿರುಳಿನಲ್ಲಿ ಅಲ್ಲಲ್ಲಿ ಹಣ್ಣಾಗದ ಗಟ್ಟಿ ಗಂಟು ಕಟ್ಟುವುದುಂಟು, ಮಾಗಿದ ಮೇಲೆ ಹಣ್ಣು ಚಿಪ್ಪಿನಿಂದ ತಾನೇ ಉದುರುವುದೂ ಉಂಟು. 2005ರಲ್ಲಿ ಭೌಗೋಳಿಕ ಸೂಚಕ ಸಿಕ್ಕ ಹಣ್ಣಿಗೂ ಗಂಟು ಇರುತ್ತದೆ.

ನಾಲ್ಕನೇ ಹಂತ: ಗಿಡದ ಜಾತಕ

ಹಣ್ಣು ಮುಗಿಯಿತು, ತೋಟಕ್ಕೆ ನಡೆಯಿರಿ. ಎಲೆಯ ತೊಟ್ಟನ್ನು ಅಡ್ಡ ಕೊಯ್ದು ನೋಡಿ. ಅದರ ಕಾಲುವೆ ಬಾಯಿ ತೆರೆದು ಅಂಚು ಹೊರಕ್ಕೆ ಹರಡಿದ್ದರೆ ಆ ಗಿಡದಲ್ಲಿ ಅಕ್ಯುಮಿನೇಟಾ ರಕ್ತ ಹೆಚ್ಚು. ಅಂಚುಗಳು ಒಳಕ್ಕೆ ಬಾಗಿ ಮುಚ್ಚಿಕೊಂಡಿದ್ದರೆ ಬಾಲ್ಬಿಸಿಯಾನ. ನಾವು ತಿನ್ನುವ ಬಾಳೆಗಳಲ್ಲಿ ಬಹುಪಾಲು ಈ ಎರಡು ಕಾಡುಬಾಳೆಗಳ ಸಂತಾನ. 1955ರಲ್ಲಿ ಸಿಮಂಡ್ಸ್ ಮತ್ತು ಶೆಪರ್ಡ್ ಎಂಬ ಇಬ್ಬರು ಇಂಥ 15 ಲಕ್ಷಣ ಆರಿಸಿ, ಒಂದೊಂದಕ್ಕೂ 1ರಿಂದ 5 ಅಂಕ ಇಟ್ಟರು. ಶುದ್ಧ ಅಕ್ಯುಮಿನೇಟಾಗೆ 15, ಶುದ್ಧ ಬಾಲ್ಬಿಸಿಯಾನಕ್ಕೆ 75, ಏಲಕ್ಕಿಯಂಥ ಅರ್ಧ-ಅರ್ಧ ಗಿಡ 49ರ ಆಸುಪಾಸು. ಒಂದು ಹಣ್ಣನ್ನೂ ತಿನ್ನದೆ ಮಾರ್ಕ್ಸ್ ಕೊಟ್ಟರೂ ಆ ಪದ್ಧತಿ ದಶಕಗಳ ಕಾಲ ಬಾಳಿತು. ಕೊರಟಗೆರೆ, ಪಾವಗಡದ ಕಡೆಯವರಿಗೆ ಇದರಲ್ಲೊಂದು ಉಪಯೋಗವಿದೆ: ಬಾಲ್ಬಿಸಿಯಾನ ಪಾಲು ಹೆಚ್ಚಿದಷ್ಟೂ ಗಿಡ ಒಣಹವೆಯನ್ನು ತಡೆಯುತ್ತದೆ. ಬೂದುಬಾಳೆ ಎರಡು ವಾರ ನೀರಿಲ್ಲದಿದ್ದರೂ ಮುಖ ಸಿಂಡರಿಸಿಕೊಂಡು ನಿಂತಿರುತ್ತದೆ. ಜಿ-9 ಬೋರ್‌ವೆಲ್ ಕೈಕೊಟ್ಟ ದಿನವೇ ದೂರು ಹೇಳಲು ಶುರುಮಾಡುತ್ತದೆ.

ಐದನೇ ಹಂತ: ಹೊಸ ತಳಿ ಮಾಡುವುದು (ತಾಳ್ಮೆ ಇದ್ದವರಿಗೆ ಮಾತ್ರ)

ಅಂದುಕೊಳ್ಳಿ, ಜಿ-9ರ ಗೊನೆ, ರಸಬಾಳೆಯ ರುಚಿ, ಬೂದುಬಾಳೆಯ ಗಟ್ಟಿತನ ಮೂರೂ ಒಂದೇ ಗಿಡದಲ್ಲಿ ಬೇಕು. ನೆಲದಲ್ಲಿ ಬೀಜ ಊರಿ. ಬೀಜ ಎಲ್ಲಿ? ಕಷ್ಟ ಇಲ್ಲೇ. ಜಿ-9, ರಸಬಾಳೆ ಎರಡರಲ್ಲೂ ವರ್ಣತಂತುಗಳದ್ದು ಮೂರು ಸೆಟ್. ಹೆಣ್ಣು-ಗಂಡಿನ ಪಾಲು ಸಮವಾಗಿ ಒಡೆಯುವುದಿಲ್ಲ, ಬೀಜ ಕಟ್ಟುವುದಿಲ್ಲ. ಹೊಂಡುರಾಸ್‌ನಲ್ಲಿ 1959ರಿಂದ ನಡೆದ ತಳಿ ಅಭಿವೃದ್ಧಿಯಲ್ಲಿ ಕೂಲಿಗಳು ಬೆಳಗ್ಗೆ ಏಣಿ ಹತ್ತಿ ಮೋತೆಗೆ ಕೈಯಾರೆ ಪರಾಗ ಹಚ್ಚುತ್ತಿದ್ದರು. ಆಮೇಲೆ ಸಾವಿರಾರು ಗೊನೆ ಕಿವುಚಿ ಜರಡಿ ಹಿಡಿದು ಬೆರಳೆಣಿಕೆಯ ಬೀಜ ಹೆಕ್ಕುತ್ತಿದ್ದರು. ಅಲ್ಲಿಂದ ಬಂದ ಗೋಲ್ಡ್‌ಫಿಂಗರ್ ರೋಗ ತಡೆಯಿತು. ರುಚಿಯಲ್ಲಿ ಸೇಬಿನಂಥ ಹುಳಿ ಬಂತು. ಪೇಟೆ ಮಾತ್ರ ಹಳೇ ಕ್ಯಾವೆಂಡಿಶ್‌ಗೇ ಅಂಟಿಕೊಂಡಿತು. ನಮ್ಮ ಪಕ್ಕದ ಕೊಯಮತ್ತೂರಿನವರು ಲಾಡನ್, ಬಾಲ್ಬಿಸಿಯಾನ, ಕದಳಿ ಮೂರನ್ನೂ ಕೂಡಿಸಿ ಕೋ-1 ಮಾಡಿದರು, ಬೆಟ್ಟದ ವಿರೂಪಾಕ್ಷಿ ಬಾಳೆಯ ರುಚಿ ಬಯಲಿನಲ್ಲೂ ಸಿಗಲಿ ಎಂದು.

ಇದನ್ನು ನಮ್ಮ ಬದುಗಳ ಹಲಸಿನ ಜೊತೆ ಇಟ್ಟು ನೋಡಿ. ಹಲಸಿನ ಒಂದು ಹಣ್ಣಿನಿಂದ ನೂರು ಬೀಜ ಹಾಕಿದರೆ ನೂರು ಮರವೂ ಬೇರೆ ಬೇರೆ. ಗುಬ್ಬಿ ತಾಲ್ಲೂಕು ಚೇಳೂರಿನ ಒಂದು ತೋಟದಲ್ಲಿ ಹಾಗೆ ತಾನಾಗಿ ಬಂದ ಮರವೇ ಸಿದ್ದು ಹಲಸು. ಎರಡೂವರೆ ಕಿಲೋದ ಪುಟ್ಟ ಹಣ್ಣು, ತಾಮ್ರಗೆಂಪು ತೊಳೆ. 2017ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಆ ರೈತ ಕುಟುಂಬದ ಜೊತೆ ಒಪ್ಪಂದ ಮಾಡಿಕೊಂಡು, ಹಿರೇಹಳ್ಳಿ ಕೇಂದ್ರದ ಮೂಲಕ ಕಸಿ ಗಿಡ ಬೆಳೆಸಿತು. ಹಲಸಿನಲ್ಲಿ ತಳಿವಿಜ್ಞಾನಿಯ ಅರ್ಧ ಕೆಲಸವನ್ನು ಮರವೇ ಮಾಡಿಟ್ಟಿರುತ್ತದೆ, ನಾವು ತಿಂದು ಗುರುತಿಸಿದರೆ ಸಾಕು. ಬಾಳೆಯಲ್ಲಿ ಆ ಸುಖವಿಲ್ಲ. ತಾಯಿಯ ಬುಡದ ಕಂದು ತಾಯಿಯ ನಕಲೇ. ಇಂಗ್ಲೆಂಡಿನ ಡ್ಯೂಕ್ ಒಬ್ಬನ ಗಾಜಿನ ಮನೆಯಲ್ಲಿ 1830ರ ದಶಕದಲ್ಲಿ ಬೆಳೆದ ಗಿಡದ ಹೆಸರೇ ಇಂದಿಗೂ ಜಿ-9ರ ಮನೆತನಕ್ಕೆ ನಿಂತಿದೆ. ಅಷ್ಟು ವರ್ಷದಲ್ಲಿ ಗಿಡದ ಜಾತಕ ಹೆಚ್ಚೇನೂ ಬದಲಾಗಿಲ್ಲ.

ದೋಷ ನಿವಾರಣೆ

ಗಿಡದ ಹಳೇ ಎಲೆ ಅಂಚಿನಿಂದ ಹಳದಿಯಾಗಿ, ಮುರಿದು, ಕಾಂಡದ ಸುತ್ತ ಲಂಗದಂತೆ ಜೋತುಬಿದ್ದರೆ ಗೊಬ್ಬರ ಹಾಕುತ್ತಾ ಕೂರಬೇಡಿ. ಅದು ಪನಾಮ ಸೊರಗು ರೋಗ. ಇದರ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ. ಹಿಂದೆ ಲೋಕದ ಪೇಟೆ ಆಳುತ್ತಿದ್ದ ಗ್ರೋಸ್ ಮಿಶೆಲ್ ಬಾಳೆಯನ್ನು 1950-60ರ ದಶಕದ ಹೊತ್ತಿಗೆ ಮೂಲೆಗೆ ತಳ್ಳಿದ್ದು ಇದೇ. ರಸಬಾಳೆಯನ್ನು ನಂಜನಗೂಡಿನಲ್ಲೇ ಅಪರೂಪ ಮಾಡಿದ್ದೂ ಇದೇ. ಏಲಕ್ಕಿಗೂ ಬರುತ್ತದೆ. ಕ್ಯಾವೆಂಡಿಶ್ ಮಾತ್ರ ಆ ಹಳೇ ಬಗೆಯ ಶಿಲೀಂಧ್ರಕ್ಕೆ ಜಗ್ಗಲಿಲ್ಲ, ಹಾಗಾಗಿ ಗದ್ದುಗೆ ಏರಿತು. ಈಗ ನಾಲ್ಕನೇ ಬಗೆಯ ಶಿಲೀಂಧ್ರ ಅದನ್ನೂ ಬಿಡುತ್ತಿಲ್ಲ, ಬಿಹಾರ, ಉತ್ತರ ಪ್ರದೇಶದ ತೋಟಗಳಲ್ಲೂ ಕಂಡಿದೆ. ರುಚಿ, ತೂಕ, ಬಣ್ಣ ಎಲ್ಲದಕ್ಕೂ ಕಾಲಂ ಹಾಕಿದ ಮೇಲೆ ಈ ರೋಗಕ್ಕೊಂದು ಕಾಲಂ ಹಾಕದ ಹೋಲಿಕೆ ಹೋಲಿಕೆಯೇ ಅಲ್ಲ. ನಾಳೆ ಆ ಕಾಲಂನಲ್ಲಿ ಪಾಸಾಗುವ ಗುಣ ಯಾವ ಗಿಡದಲ್ಲಿ ಅಡಗಿದೆಯೋ ಯಾರಿಗೆ ಗೊತ್ತು? ಮಾರುಕಟ್ಟೆಗೆ ಬೇಡವಾಗಿ ಹಿತ್ತಲ ಬಚ್ಚಲ ನೀರಿನಲ್ಲಿ ಬದುಕಿರುವ, ಅಜ್ಜಿ ಇಟ್ಟ ಹೆಸರು ಬಿಟ್ಟು ಬೇರೆ ಹೆಸರಿಲ್ಲದ ಗಿಡದಲ್ಲೂ ಇದ್ದೀತು.

ಆಯುಧಪೂಜೆ ಬಂದರೆ ಅಂಥ ಗಿಡದ ಕಂದುಗಳೇ ಮೊದಲು ಬೈಕಿನ ಹ್ಯಾಂಡಲ್‌ಗೆ ಏರುತ್ತವೆ. ಈ ಸಲ ಕಡಿಯುವುದಾದರೆ ಜಿ-9ರದ್ದು ಕಡಿಯಿರಿ, ಅದು ಲ್ಯಾಬಿನಲ್ಲಿ ಬೇಕಾದಷ್ಟು ಹುಟ್ಟುತ್ತದೆ. ಹಿತ್ತಲಿನ ಹೆಸರಿಲ್ಲದ ಬಾಳೆಯಿಂದ ಕತ್ತಿಯಂಥ ಎಲೆಯ ಒಂದು ಕಂದನ್ನು ಗಡ್ಡೆ ಸಮೇತ ಕಿತ್ತು ಪಕ್ಕದ ಊರಿನವರಿಗೆ ಕೊಡಿ. ಅಗಲ ಎಲೆಯ ನೀರುಕಂದು ಬೇಡ, ಅದು ಗೊನೆ ಕೊಡುವುದು ಅಷ್ಟಕ್ಕಷ್ಟೇ. ಕೊಡುವ ಮೊದಲು ಗಡ್ಡೆಯ ಅಂಚನ್ನು ಕೊಯ್ದು ನೋಡಿ. ಒಳಗೆ ಬೆಳ್ಳಗಿದ್ದರೆ ಕೊಡಿ, ಕೆಂಪು-ಕಂದು ಗೆರೆ ಕಂಡರೆ ಕೊಡಬೇಡಿ.