ರಾರಿಟನ್ನಿನ ಉತ್ತರ ತೀರದಲ್ಲಿ ತಾತ

ಸಮುದ್ರ ದಾಟಬಾರದೆಂದು ಅಜ್ಜಿ ಅರಸೀಕೆರೆ ಬಿಟ್ಟು ಕದಲಲಿಲ್ಲ. ತಾತನಿಗೂ ಶಾಸ್ತ್ರ ಅಷ್ಟೇ ಬಿಗಿ, ಆದರೆ ಮೊಮ್ಮಗನ ಮನೆ ನೋಡುವ ಆಸೆ ಅದಕ್ಕಿಂತ ಗುಲಗಂಜಿ ತೂಕ ಹೆಚ್ಚು. "ನಾನು ದಾಟಿದ್ದೆಲ್ಲೇ? ಮೇಲಿಂದ ಹಾರಿ ಬಂದೆ. ನಮ್ಮ ಪ್ರಾಣದೇವರು ಹೋಗಿದ್ದೂ ಹಾಗೇ ತಾನೆ?" ಎಂದು ಅಮೆರಿಕದ ಎಡಿಸನ್ನಿನಿಂದ ಫೋನಿನಲ್ಲಿ ಸಮಜಾಯಿಷಿ ಕೊಟ್ಟರು. "ಅವನು ಬಾಲಕ್ಕೆ ಬೆಂಕಿ ಹಚ್ಚಿಸಿಕೊಂಡು ವಾಪಸ್ ಬಂದ. ನೀವು ಹುಷಾರು" ಅಂದರು ಅಜ್ಜಿ.

ತಾತ ಮೀಟರ್ ಗೇಜ್ ಕಾಲದ ಸ್ಟೇಷನ್ ಮಾಸ್ಟರು. ಕಡೂರು, ಬೀರೂರು, ಅರಸೀಕೆರೆ ಅಂತ ಹುಬ್ಬಳ್ಳಿ ದಾರಿಯಲ್ಲೇ ಸರ್ವೀಸು ಮುಗಿಸಿದವರು. ಗೋಪೀಚಂದನದ ನಾಮದ ಮೇಲೆ ರೈಲ್ವೆ ಟೋಪಿ ಇಟ್ಟು ಹಸಿರು ಬಾವುಟ ಹಿಡಿದರೆ ಗಾರ್ಡು ಮೊದಲು ಕೈ ಮುಗಿದು ಆಮೇಲೆ ಸೀಟಿ ಊದುತ್ತಿದ್ದನಂತೆ. ಇದು ತಾತನೇ ಹೇಳಿದ್ದು, ಆದ್ದರಿಂದ ಕಾಲುಭಾಗ ಕಳೆದು ನಂಬಬಹುದು.

ಬಂದಿಳಿದ ದಿನವೇ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಮಂತ್ರಾಲಯದ ಮಂತ್ರಾಕ್ಷತೆ ಸಿಕ್ಕಿಬಿತ್ತು. ಖಾಪ್ರಾ ಎಂಬ ಹುಳುವಿನ ಭಯಕ್ಕೆ ಭಾರತದ ಅಕ್ಕಿಯನ್ನು ಲಗೇಜಿನಲ್ಲಿ ತರುವ ಹಾಗಿಲ್ಲ. ತಾತ ವಾದ ಮಾಡಲಿಲ್ಲ. ಪೊಟ್ಟಣ ಬಿಚ್ಚಿ ಅಷ್ಟನ್ನೂ ತಲೆಯ ಮೇಲೆ ಹಾಕಿಕೊಂಡು, "ಈಗ ಲಗೇಜಿನಲ್ಲಿ ಇಲ್ಲವಲ್ಲ" ಅಂದರು. ಅಧಿಕಾರಿ ಕಸದ ಬುಟ್ಟಿ ಹಿಡಿದು ನಿಂತ, ತಾತ ಬಗ್ಗಿ ತಲೆ ಕೊಡವಿದರು. ಹೊರಗೆ ಬಂದ ಮೇಲೆ ಅವರಿಗೆ ಒಂದೇ ಸಮಾಧಾನ: "ಆ ಹುಡುಗನ ತೋಳಿನ ಮೇಲೂ ನಾಲ್ಕು ಕಾಳು ಬಿತ್ತು ಕಣೋ. ರಾಯರು ಅವನಿಗೂ ಒಳ್ಳೇದು ಮಾಡಲಿ."

ಮರುದಿನ ಬೆಳಿಗ್ಗೆ ಸಂಕಲ್ಪಕ್ಕೆ ಕೂತರೆ ವಿಳಾಸದ ತಾಪತ್ರಯ. ಜಂಬೂದ್ವೀಪ, ಭರತಖಂಡ, ಗೋದಾವರಿಯ ದಕ್ಷಿಣ ತೀರ ಎಂದೇ ಜೀವಮಾನವೆಲ್ಲ ಹೇಳಿದ ನಾಲಿಗೆ. ಅಮೆರಿಕದ ದೇವಸ್ಥಾನಗಳಲ್ಲಿ ಕ್ರೌಂಚದ್ವೀಪ, ರಮಣಕವರ್ಷ, ಐಂದ್ರಖಂಡ ಎನ್ನುವ ರೂಢಿಯಿದೆ ಎಂದು ಇಲ್ಲಿನ ಪುರೋಹಿತರೊಬ್ಬರು ತಿಳಿಸಿದರು. "ಸರಿ, ನದಿ ಯಾವುದು?" ಎಂದರು ತಾತ. ನಾನು ಫೋನಿನಲ್ಲಿ ನಕಾಶೆ ತೆಗೆದು ನೋಡಿದೆ. ನಮ್ಮೂರು ರಾರಿಟನ್ ನದಿಯ ಉತ್ತರಕ್ಕಿದೆ. ಅಂದಿನಿಂದ ರಾರಿಟನ್ನೂ ಪುಣ್ಯನದಿಗಳ ಸಾಲಿಗೆ ಸೇರಿತು. ಇಷ್ಟೆಲ್ಲ ಯಾಕೆ ತಾತ ಎಂದರೆ, "ವಿಳಾಸ ತಪ್ಪಿದರೆ ಪುಣ್ಯದ ಪಾರ್ಸಲ್ ಅರಸೀಕೆರೆಗೆ ಹೋಗುತ್ತೆ. ನಿಮ್ಮಜ್ಜಿ ಸಹಿ ಹಾಕಿ ತಗೊಂಡುಬಿಡ್ತಾಳೆ!"

ಜೂನಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆಗೆ. ಸಾಯಂ ಸಂಧ್ಯಾವಂದನೆ ಆಗದೆ ತಾತನ ಊಟವಿಲ್ಲ. ನಾವು ಆರೂವರೆಗೇ ತಟ್ಟೆ ತೊಳೆಯುವ ಪೈಕಿ. ಅವರು ಕಿಟಕಿ ಪಕ್ಕ ಪಂಚಪಾತ್ರೆ ಇಟ್ಟುಕೊಂಡು, ಲೇಟಾದ ಪ್ಯಾಸೆಂಜರ್ ಗಾಡಿಗೆ ಕಾಯುವ ಗತ್ತಿನಲ್ಲಿ ಪಶ್ಚಿಮ ನೋಡುತ್ತ ಕೂರುತ್ತಿದ್ದರು. ನವೆಂಬರಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದಾಗ ಮಾತ್ರ ರೇಗಿದರು. "ನಮ್ಮಲ್ಲೂ ಜುಲೈ ಒಂದಕ್ಕೆ ಟೈಮ್ ಟೇಬಲ್ ಬದಲಾಗ್ತಿತ್ತು. ಟೈಮೇ ಬದಲಾಯಿಸ್ತಾರೇನೋ ಯಾರಾದರೂ!" ಅವರ ಎಚ್‌ಎಂಟಿ ವಾಚು ಕೊನೆಯವರೆಗೂ ಒಂದು ಗಂಟೆ ಮುಂದೇ ಇತ್ತು.

ಏಕಾದಶಿಯದು ಇನ್ನೊಂದು ಕಥೆ. ತಿಥಿ ಹಿಡಿಯುವ ಗಳಿಗೆ ಲೋಕಕ್ಕೆಲ್ಲ ಒಂದೇ ಆದರೂ ಉಪವಾಸ ನಿಲ್ಲುವುದು ಆಯಾ ಊರಿನ ಸೂರ್ಯೋದಯದ ಮೇಲೆ. ಅರುಣೋದಯಕ್ಕೆ ದಶಮಿಯ ಸೋಂಕಿದ್ದರೆ ವೈಷ್ಣವರಿಗೆ ಆ ದಿನ ಆಗದು. ಹೀಗಾಗಿ ಒಮ್ಮೆ ನಮಗೆ ಮಂಗಳವಾರ ಏಕಾದಶಿ, ಅರಸೀಕೆರೆಗೆ ಬುಧವಾರ. ಬುಧವಾರ ನಸುಕಿಗೇ ತಾತ ಪಾರಣೆಗೆ ಕೂತಿದ್ದಾಗ ಅಜ್ಜಿಯ ಫೋನು ಬಂತು. ಅಲ್ಲಿ ಇಳಿಹೊತ್ತು, ತೊಟ್ಟು ನೀರಿಲ್ಲದ ಹೊಟ್ಟೆ.

"ರೀ, ಏನೋ ಜಗಿಯೋ ಸದ್ದು ಬರ್ತಿದೆಯಲ್ಲ?"

"ನಿಮ್ಮ ಕಡೆ ದಶಮಿ ಲೇಟ್ ರನ್ನಿಂಗ್ ಕಣೇ. ಅದು ಪ್ಲಾಟ್‌ಫಾರ್ಮ್ ಬಿಡದೆ ಏಕಾದಶಿಗೆ ಲೈನ್ ಕ್ಲಿಯರ್ ಕೊಡೋದು ಹ್ಯಾಗೆ? ಇಲ್ಲಿ ಗಾಡಿ ನಿನ್ನೇನೇ ಬಂದು ಹೋಯ್ತು."

ಫೋನು ಕಟ್ಟಾಯಿತು. ಸಿಗ್ನಲ್ ಇರಲಿಲ್ಲವೆಂದು ತಾತ ನಮಗೆ ಹೇಳಿದರು.

ತಮಗೆ ಇಷ್ಟು ಬಿಗಿ ಹಾಕಿಕೊಂಡವರು ನಮ್ಮ ತಂಟೆಗೆ ಬರಲಿಲ್ಲ. ನನ್ನ ಹೆಂಡತಿ ಫ್ರಿಜ್ಜಿನಲ್ಲಿ ಮೊಟ್ಟೆಯ ಪೆಟ್ಟಿಗೆಯನ್ನು ಹಾಲಿನ ಕ್ಯಾನಿನ ಹಿಂದೆ ಬಚ್ಚಿಟ್ಟಿದ್ದಳು. ವಾರ ಕಳೆದ ಮೇಲೆ ತಾತ ಮೆಲ್ಲಗೆ, "ಅದನ್ನ ಮುಂದೆ ಇಡಮ್ಮ. ಕಂಡರೆ ದೂರ ಇರ್ತೀನಿ. ಹಿಂದೆ ಇಟ್ಟರೆ ದಿನಾ ಹಾಲು ತೆಗೆಯೋವಾಗ ಕೈ ತಗುಲುತ್ತೆ" ಎಂದರು. ಅವಳ ಮುಖ ನೋಡುವ ಹಾಗಿತ್ತು.

ಚಾತುರ್ಮಾಸ್ಯದಲ್ಲಿ ಮಗಳು ಪಿಜ್ಜಾ ತಿನ್ನಿಸುವ ಹಟ ಹಿಡಿದಳು. ತಾತ ಗಂಭೀರವಾಗಿ ವಿಚಾರಣೆ ನಡೆಸಿದರು. ಮೊದಲ ತಿಂಗಳು ತರಕಾರಿ ವರ್ಜ್ಯ, ಟೊಮೆಟೊ ಬಿತ್ತು. ಎರಡನೆಯದು ಮೊಸರು ಬಿಡುವ ತಿಂಗಳು, ಮೂರನೆಯದು ಹಾಲು. ಚೀಸು ಯಾವುದಕ್ಕೆ ಸೇರಿದ್ದು? "ಹೆಪ್ಪು ಹಾಕಿದ್ದು ಅಂದಮೇಲೆ ಅದಕ್ಕೂ ಸೈ, ಹಾಲಿನದು ಅಂದಮೇಲೆ ಇದಕ್ಕೂ ಸೈ." ನಾಲ್ಕನೆಯ ತಿಂಗಳು ದ್ವಿದಳ ಧಾನ್ಯ ಕೂಡದು. ಪಿಜ್ಜಾದಲ್ಲಿ ಬೇಳೆ ಎಲ್ಲಿದೆ? "ಬೆಳ್ಳುಳ್ಳಿ ಹಾಕದಿದ್ದರೆ ಶಾಸ್ತ್ರದ ಆಕ್ಷೇಪಣೆ ಇಲ್ಲ ಮರಿ. ನನ್ನ ಹಲ್ಲುಸೆಟ್ಟಿನದು ಇದೆ."

ಅಮೆರಿಕದ ಕನ್ನಡ ಕೂಟಗಳ 2016ರ ಅಕ್ಕ ಸಮ್ಮೇಳನ ನಡೆದದ್ದು ಜೂಜಿಗೆ ಹೆಸರಾದ ಅಟ್ಲಾಂಟಿಕ್ ಸಿಟಿಯಲ್ಲಿ. ಕಚ್ಚೆಪಂಚೆಯ ತಾತ ಸ್ಲಾಟ್ ಯಂತ್ರಗಳ ನಡುವೆ ಹಾದು ಬರುತ್ತ, ಕಾಸು ಹಾಕಿ ಕಾಸು ಬಾರದೆ ಕೂತಿದ್ದ ಒಬ್ಬ ಮುದುಕಿಯ ಹೆಗಲು ತಟ್ಟಿ ಅಚ್ಚಗನ್ನಡದಲ್ಲಿ, "ಸಾಕು ಮಾಡಮ್ಮ, ಮನೆಗೆ ಹೋಗು" ಎಂದರು. ಆಕೆ ಥ್ಯಾಂಕ್ಯೂ ಎಂದು ಇನ್ನೊಂದು ಸಲ ಗುಂಡಿ ಒತ್ತಿದಳು.

ತಾತ ತೀರಿಕೊಂಡದ್ದು ಅರಸೀಕೆರೆಯ ಮನೆಯಲ್ಲೇ, ನಿದ್ದೆಯಲ್ಲಿ. ಅಪ್ಪ ಈಗ ನಮ್ಮ ಜೊತೆಗಿದ್ದಾರೆ, ಚಿಕ್ಕಪ್ಪ ಬೆಂಗಳೂರಿನಲ್ಲಿ. ಶ್ರಾದ್ಧಕ್ಕೆ ನೋಡುವುದು ಅಪರಾಹ್ನದ ತಿಥಿಯನ್ನು. ಅದು ಒಂದೊಂದು ವರ್ಷ ಇಲ್ಲಿ ಒಂದು ದಿನ ಮುಂಚೆ ಬೀಳುತ್ತದೆ. ಹೋದ ಸಲ ಹಾಗೇ ಆಗಿ, ಎರಡು ದಿನ ಎರಡು ಕಡೆ ಊಟ ಹಾಕಿದರೆ ಹ್ಯಾಗೆ ಎಂದು ಚಿಕ್ಕಪ್ಪ ಫೋನಿನಲ್ಲಿ ಪೇಚಾಡಿದರು.

"ಅಣ್ಣನಿಗೆ ಎರಡು ಊಟ ಭಾರವೇನೋ?" ಎಂದರು ಅಪ್ಪ. ಮಕ್ಕಳೆಲ್ಲ ತಾತನನ್ನು ಅಣ್ಣ ಎಂದೇ ಕರೆಯುತ್ತಿದ್ದದ್ದು. "ಇಲ್ಲಿ ಮಂಗಳವಾರ ಮುಗಿಸಿಕೊಂಡು ಬುಧವಾರ ನಿನ್ನಲ್ಲಿಗೆ ಬರ್ತಾರೆ. ವಡೆ ಮಾತ್ರ ಮೆತ್ತಗೆ ಮಾಡಿಸು, ಹಲ್ಲುಸೆಟ್ಟು ಇಲ್ಲೇ ಮರೆತು ಹೋಗಿದ್ದಾರೆ."