ವಿಸಿಲ್ ಇಲ್ಲದ ಗೋಲು

ಗೆದ್ದ ಕಪ್ಪು ಮುಂದಿನ ವರ್ಷ ಬೇರೆಯವರ ಪಾಲಾಗುತ್ತದೆ. ಹೊಡೆದ ಗೋಲುಗಳು ನಾಲ್ಕು ಸೀಸನ್ ಕಳೆಯುವಷ್ಟರಲ್ಲಿ ಒಂದರೊಳಗೊಂದು ಕಲಸಿಹೋಗುತ್ತವೆ. ರೆಫ್ರಿ ಮಾಡಿದ ಅನ್ಯಾಯ ಮಾತ್ರ ಫುಟ್‌ಬಾಲ್ ಅಭಿಮಾನಿಯ ತಲೆಯಲ್ಲಿ ಮಾಸುವುದಿಲ್ಲ. ಅದು ಅಪ್ಪನಿಂದ ಮಗನಿಗೆ ದಾಟುತ್ತದೆ, ದಾಟುವಾಗಲೆಲ್ಲ ಒಂದೊಂದು ಅಡಿ ಬೆಳೆಯುತ್ತದೆ.

ನಮ್ಮ ಬೀದಿ ತುದಿಯ ಟೀ ಅಂಗಡಿಯ ಚೇಟ ತ್ರಿಶೂರಿನ ಕಡೆಯವರು. ಬೆಂಗಳೂರಿಗೆ ಬಂದು ಎಷ್ಟು ಕಾಲವಾಗಿದ್ದರೂ ಅವರ ಅಂಗಿ ಕೇರಳ ಬ್ಲಾಸ್ಟರ್ಸ್‌ನ ಹಳದಿ; ನನ್ನದು ಬೆಂಗಳೂರು ಎಫ್‌ಸಿಯ ನೀಲಿ. ಇಷ್ಟಾದರೂ ನಮ್ಮ ಸ್ನೇಹ ತಕರಾರಿಲ್ಲದೆ ನಡೆದಿತ್ತು, 2023ರ ಮಾರ್ಚ್ 3ರವರೆಗೆ.

ಅಂದು ರಾತ್ರಿ ಕಂಠೀರವ ಕ್ರೀಡಾಂಗಣದಲ್ಲಿ ನಮ್ಮಿಬ್ಬರ ತಂಡಗಳ ನಡುವೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ನಾಕೌಟ್. ತೊಂಬತ್ತು ನಿಮಿಷ ಮುಗಿದರೂ ಗೋಲಿಲ್ಲ. ಎಕ್ಸ್‌ಟ್ರಾ ಟೈಮ್ ಶುರುವಾದ ಸ್ವಲ್ಪ ಹೊತ್ತಿಗೆ ಬೆಂಗಳೂರಿಗೊಂದು ಫ್ರೀ ಕಿಕ್ ಸಿಕ್ಕಿತು. ಬ್ಲಾಸ್ಟರ್ಸ್ ಗೋಲಿ ಇನ್ನೂ ತನ್ನವರನ್ನು ಸಾಲಾಗಿ ನಿಲ್ಲಿಸುತ್ತಿದ್ದ. ಅಷ್ಟರಲ್ಲಿ ಸುನಿಲ್ ಛೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಬಲೆಗೆ ಹಾಕಿಬಿಟ್ಟರು. ರೆಫ್ರಿ ಗೋಲು ಎಂದರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಹುಡುಗರನ್ನೆಲ್ಲ ಕರೆದುಕೊಂಡು ಮೈದಾನದಿಂದ ಹೊರನಡೆದರು. ಮತ್ತೆ ಬರಲಿಲ್ಲ. ಬೆಂಗಳೂರು ಗೆದ್ದಿತು. ಮುಂದೆ ಭಾರತೀಯ ಫುಟ್‌ಬಾಲ್ ಒಕ್ಕೂಟ (ಎಐಎಫ್‌ಎಫ್) ಬ್ಲಾಸ್ಟರ್ಸ್‌ಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯ ನಿಷೇಧ ಹೇರಿತು. ಅಪೀಲು ಹೋದರು, ಅದೂ ಬಿದ್ದುಹೋಯಿತು.

ಪಂದ್ಯದ ಮರುದಿನ ಟೀ ಅಂಗಡಿಯಲ್ಲಿ ಗ್ಲಾಸು ಎಂದಿಗಿಂತ ಜೋರಾಗಿ ಸದ್ದು ಮಾಡಿತು.

“ಗೋಲಿ ಗೋಡೆ ಕಟ್ತಾ ಇದ್ದ ಸಾರ್! ಗೋಡೆ ಎಬ್ಬಿಸೋ ಮೊದಲೇ ಮನೆಗೆ ನುಗ್ಗೋದು ನ್ಯಾಯಾನಾ? ವಿಸಿಲ್ ಎಲ್ಲಿ ಸಾರ್, ವಿಸಿಲ್?”

“ಚೇಟಾ, ರೂಲ್ ನೋಡಿ. ಎದುರಿನವರು 9.15 ಮೀಟರ್ ದೂರ ನಿಲ್ಲಲಿ ಅಂತ ಕೇಳಿದರೆ ವಿಸಿಲ್ ಬೇಕು. ಕೇಳದೆ ಹೊಡೆದರೆ ಬೇಡ. ವಿಸಿಲೂ ಬೇಡ, ಗೋಡೆಯೂ ಬೇಡ ಅಂತ ರೆಫ್ರಿಗೆ ಮೊದಲೇ ಹೇಳಿದ್ದೆ ಅಂತ ಛೆಟ್ರಿನೇ ಹೇಳಿದ್ದಾರಲ್ಲ!”

ಆ ಹದಿನೈದು ದಿನ ನನ್ನಷ್ಟು ದೊಡ್ಡ ಕಾನೂನು ಪಂಡಿತ ಇಡೀ ಬೆಂಗಳೂರಲ್ಲಿ ಇರಲಿಲ್ಲ. ರೆಫ್ರಿಯ ಮಾತೇ ಕೊನೆ ಮಾತು, ಶಿಸ್ತಿಲ್ಲದಿದ್ದರೆ ಆಟವೇ ಇಲ್ಲ ಎಂದು ಸಿಕ್ಕವರಿಗೆಲ್ಲ ಉಪದೇಶ ಮಾಡಿದೆ. ಮಾರ್ಚ್ 18ಕ್ಕೆ ಗೋವಾದ ಫತೋರ್ಡಾದಲ್ಲಿ ಫೈನಲ್. ಎದುರಾಳಿ ಎಟಿಕೆ ಮೋಹನ್ ಬಗಾನ್. ನಾವು 2-1ರಿಂದ ಮುಂದಿದ್ದಾಗ ಅವರಿಗೊಂದು ಪೆನಾಲ್ಟಿ ಕೊಟ್ಟರು. ಫೌಲ್ ಆದದ್ದು ಬಾಕ್ಸಿನ ಒಳಗೋ ಹೊರಗೋ ಎಂಬುದು ಇಂದಿಗೂ ಜಗಳದ ವಿಷಯ. ನನಗೆ ಮಾತ್ರ ಸಂಶಯವೇ ಇಲ್ಲ. ಪಂದ್ಯ 2-2 ಆಯಿತು, ಶೂಟೌಟಿನಲ್ಲಿ ನಾವು ಸೋತೆವು. ಭಾರತಕ್ಕೆ ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ) ಬೇಕೇ ಬೇಕು ಎಂದು ತಂಡದ ಮಾಲೀಕರೇ ಟ್ವೀಟ್ ಮಾಡಿದರು. ಅದನ್ನೇ ಹೇಳಿಕೊಳ್ಳಲು ನಾನು ಅಂಗಡಿಗೆ ಹೋದೆ. ಚೇಟ ಟೀ ಸೋಸುತ್ತ ಬಹಳ ವಿನಯದಿಂದ ಕೇಳಿದರು: “ಸಾರ್, ರೂಲ್ ಬುಕ್ ತಂದಿದ್ದೀರಾ?”

ಇದು ನಮ್ಮಿಬ್ಬರ ಚಾಳಿ ಮಾತ್ರವಲ್ಲ. ಇಂಗ್ಲೆಂಡಿನವರನ್ನೇ ನೋಡಿ. 1966ರ ವಿಶ್ವಕಪ್ ಫೈನಲ್‌ನಲ್ಲಿ ಜೆಫ್ ಹರ್ಸ್ಟ್ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದು ಗೆರೆಯ ಮೇಲೆ ಬಿತ್ತೋ ಒಳಗೆ ಬಿತ್ತೋ ಎಂದು ಕೇಳಿದರೆ, ಲೈನ್ಸ್‌ಮನ್ ಹೇಳಿದ ಮೇಲೆ ಮುಗಿಯಿತಲ್ಲ ಎನ್ನುತ್ತಾರೆ. 1986ರಲ್ಲಿ ಅವರ ವಿರುದ್ಧ ಮರಡೋನಾ ಕೈಯಲ್ಲಿ ತಳ್ಳಿದ ಗೋಲಿನ ಸುದ್ದಿ ಎತ್ತಿದರೆ ಮಾತ್ರ ಕಿವಿ ಕೆಂಪಾಗುತ್ತದೆ. ಅಂದು ಆ ಕೈ ಕಾಣದೆಹೋದ ಟ್ಯುನೀಷಿಯಾದ ರೆಫ್ರಿ ಅಲಿ ಬೆನ್ನಸೂರ್ ಪಂದ್ಯದ ಚೆಂಡನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. 2022ರಲ್ಲಿ ಲಂಡನ್ನಿನಲ್ಲೇ ಅದನ್ನು ಹರಾಜಿಗಿಟ್ಟರು; ಸುಮಾರು 20 ಲಕ್ಷ ಪೌಂಡಿಗೆ ಹೋಯಿತು. ಒಂದು ತಪ್ಪು ತೀರ್ಪಿಗೆ ಇಷ್ಟು ಬೆಲೆ ಬಂದಿರುವಾಗ, ಸರಿಯಾದ ತೀರ್ಪು ಕೊಟ್ಟ ರೆಫ್ರಿಗಳ ಚೆಂಡುಗಳೆಲ್ಲ ಯಾವ ಅಟ್ಟದ ಮೇಲಿವೆಯೋ!

ನಾನೂ ಚೇಟನೂ ಒಂದಾದದ್ದು 2024ರ ಜೂನ್ 11ರಂದು. ದೋಹಾದಲ್ಲಿ ವಿಶ್ವಕಪ್ ಅರ್ಹತಾ ಪಂದ್ಯ. ಕತಾರ್ ಮೇಲೆ ಭಾರತ 1-0 ಮುಂದಿತ್ತು. ಚೆಂಡು ಗೆರೆ ದಾಟಿ ಹೊರಗೆ ಹೋದದ್ದು ಟಿವಿಯಲ್ಲಿ ಕಂಡಿತು. ನಮ್ಮವರು ಆಟ ನಿಂತಿತೆಂದು ನಿಂತರು. ಅವರು ಅದನ್ನೇ ಒಳಗೆಳೆದು ಗೋಲು ಹೊಡೆದರು. ಅಲ್ಲಿ ವಿಎಆರ್ ಇರಲಿಲ್ಲ. ಭಾರತ 2-1ಕ್ಕೆ ಸೋತು ಹೊರಬಿತ್ತು. ಮರುದಿನ ಹಳದಿಯೂ ನೀಲಿಯೂ ಒಂದೇ ಸ್ವರದಲ್ಲಿ ರೆಫ್ರಿಗೆ ಶಾಪ ಹಾಕಿದವು. ಚೇಟ ನನ್ನಿಂದ ಟೀ ದುಡ್ಡು ತೆಗೆದುಕೊಳ್ಳಲಿಲ್ಲ. ಗೆದ್ದಿದ್ದರೆ ತೆಗೆದುಕೊಳ್ಳುತ್ತಿದ್ದರೆಂದೇ ನನ್ನ ಅನುಮಾನ.

ವಿಎಆರ್ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿದ್ದಾರೆ. 2018ರ ವಿಶ್ವಕಪ್ಪಿನಿಂದ ಅದನ್ನೂ ಕಂಡೆವು. ಮೊದಲು ಬಯ್ಯಲು ಮೈದಾನದ ರೆಫ್ರಿಯೊಬ್ಬರೇ ಇದ್ದರು. ಈಗ ಕೋಣೆಯಲ್ಲಿ ಪರದೆ ನೋಡುತ್ತ ಕೂತವರೂ ಸೇರಿದ್ದಾರೆ, ಅಷ್ಟೆ.

ಮೊನ್ನೆ ಬೀದಿಯ ಮಕ್ಕಳು ಅಂಗಡಿಯ ಪಕ್ಕದ ಖಾಲಿ ಸೈಟಿನಲ್ಲಿ ಇಟ್ಟಿಗೆಯಿಟ್ಟು ಗೋಲು ಮಾಡಿದವು. “ಅಂಕಲ್, ರೆಫ್ರಿ ಆಗ್ತೀರಾ?” ಎಂದು ನನ್ನನ್ನು ಕೇಳಿದವು. “ಚೇಟನಿಗೆ ರೂಲ್ಸ್ ಚೆನ್ನಾಗಿ ಗೊತ್ತು” ಎಂದೆ. “ಅಯ್ಯೋ, ಸಾರ್‌ಗೆ ಇನ್ನೂ ಚೆನ್ನಾಗಿ ಗೊತ್ತು” ಎಂದು ಚೇಟ ಒಲೆಯ ಕಡೆ ತಿರುಗಿದರು. ನನಗೂ ಆ ಹೊತ್ತಿಗೆ ಸರಿಯಾಗಿ ಮೊಣಕಾಲು ನೋವು ಶುರುವಾಯಿತು. ಹತ್ತು ಹುಡುಗರಿಂದ ಬೈಗುಳ ತಿನ್ನುವ ಧೈರ್ಯ ಬೀದಿಯಲ್ಲಿ ಯಾರಿಗೂ ಬರಲಿಲ್ಲ. ಕೊನೆಗೆ ಮಕ್ಕಳು ರೆಫ್ರಿಯಿಲ್ಲದೆಯೇ ಆಡಿದವು. ಚೆಂಡು ಯಾರದೋ ಅವನು ಹೇಳಿದ್ದೇ ತೀರ್ಪು. ಅಪೀಲು ಮಾಡಿದವನನ್ನು ಆಟಕ್ಕೇ ಸೇರಿಸಲಿಲ್ಲ.