ಉಗಿಬಂಡಿ ಭಾವ

ರೈಲಿನ ಹುಚ್ಚು ಹಿಡಿದವರಲ್ಲಿ ಮೂರು ಜಾತಿ. ಮೊದಲನೆಯವರು ವೇಳಾಪಟ್ಟಿಯವರು. ಹಿಂದೂಪುರದಲ್ಲಿ ಯಾವ ಗಾಡಿ ಎಷ್ಟು ನಿಮಿಷ ನಿಲ್ಲುತ್ತದೆಂದು ಮದುವೆಮನೆಯ ಪಂಕ್ತಿಯಲ್ಲಿ ಪಕ್ಕದವರಿಗೆ ಹೇಳುತ್ತಾರೆ. ಎರಡನೆಯವರು ಕ್ಯಾಮೆರಾದವರು, ಸೇತುವೆ ಕೆಳಗೆ ಬಿಸಿಲಲ್ಲಿ ಕಾದು, ಮನೆಗೆ ಬಂದು ಬೈಸಿಕೊಳ್ಳುತ್ತಾರೆ. ಈ ಇಬ್ಬರಿಂದಲೂ ಲೋಕಕ್ಕೆ ತೊಂದರೆಯಿಲ್ಲ. ಮೂರನೆಯವರು ಸ್ವಂತ ರೈಲಿನವರು. ಹಿತ್ತಲಲ್ಲಿ ಹಳಿ ಹಾಸಿ, ಲೇತಿನಲ್ಲಿ ಚಕ್ರ ಕಡೆದು, ತಾಮ್ರದ ಬಾಯ್ಲರಿಗೆ ಬೆಳ್ಳಿ ಬೆಸುಗೆ ಹಾಕಿ, ಜನ ಕೂತು ಸವಾರಿ ಮಾಡುವಷ್ಟು ದೊಡ್ಡ ಮಾದರಿ ಉಗಿ ಇಂಜಿನ್ ಕಟ್ಟುವವರು. ಇಂಜಿನ್ ಕಟ್ಟಿ ಮುಗಿಸಿದರು, ಇನ್ನು ಮನೆಯವರು ಪಾರಾದರು ಅಂದುಕೊಳ್ಳಬೇಡಿ. ಅದು ಓಡಿದರೆ ಅವರಿಗೆ ಸಾಲದು. ಇನ್ನೂ ಒಬ್ಬನನ್ನು ಎಳೆಯಬೇಕು. ಆ ಇನ್ನೊಬ್ಬ ಸಾಮಾನ್ಯವಾಗಿ ಹೆಂಡತಿಯ ತಮ್ಮ.

ನನ್ನ ಭಾವನ ಮನೆ ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲಿನಲ್ಲಿ. ಸೋಲಾರ್ ಪಾರ್ಕಿಗೆ ಜಮೀನು ಕೊಟ್ಟ ಐದು ಊರುಗಳಲ್ಲಿ ಅದೂ ಒಂದು. ಸುಮಾರು 13,000 ಎಕರೆಯ ಪಾರ್ಕು, 2,050 ಮೆಗಾವಾಟ್ ಸಾಮರ್ಥ್ಯ, ಎಲ್ಲವೂ ಹೊಗೆಯಿಲ್ಲದೆ, ಸದ್ದಿಲ್ಲದೆ. ಈ ಸೀಮೆಯಲ್ಲಿ ಹೊಗೆ ಏಳುತ್ತಿದ್ದರೆ ಅದು ನಮ್ಮ ಭಾವನದು. ನೀರಿಗೆ ಬರ, ಬಿಸಿಲಿಗೆ ಬರವಿಲ್ಲದ ಊರಿನಲ್ಲಿ ಈ ಮಹಾನುಭಾವರು ಇಸ್ತ್ರಿ ಅಂಗಡಿಯ ಇದ್ದಿಲು ಊದಿ ನೀರು ಕುದಿಸುತ್ತಿರುತ್ತಾರೆ. "ಭಾವ, ಒಂದು ಪ್ಯಾನೆಲ್ಲು, ಒಂದು ಮೋಟ್ರು ಹಾಕಿದ್ರೆ ಸಾಕಲ್ವಾ?" ಎಂದು ಒಮ್ಮೆ ಕೇಳಿದ್ದೆ. ಆವತ್ತು ಸಂಜೆಯ ಕಾಫಿ ನನ್ನ ಪಾಲಿಗೆ ಬರಲಿಲ್ಲ.

ಭಾವ ಐಟಿಐಯಲ್ಲಿ ಫಿಟ್ಟರ್ ಪಾಠ ಹೇಳಿ ನಿವೃತ್ತರಾದವರು. ಬನಿಯನ್ನಿಗೆ ಸದಾ ಗ್ರೀಸು, ಕಿವಿಯ ಮೇಲೆ ಪೆನ್ಸಿಲ್ಲು. ಸಿಟ್ಟು ಬಂದರೆ ತೆಲುಗು, ಪಾಠ ಹೇಳುವಾಗ ಕನ್ನಡ. ಚಿಕ್ಕಂದಿನಲ್ಲಿ, ಹಿಂದೂಪುರಕ್ಕೆ ಮೀಟರ್ ಗೇಜ್ ಇದ್ದಾಗ, ವೈಪಿ ಎಂಬ ಉಗಿ ಇಂಜಿನ್ ನೋಡಿ ಮರುಳಾದವರು. ರಾಯದುರ್ಗ–ತುಮಕೂರು ಮಾರ್ಗ 2007-08ರಲ್ಲಿ ಮಂಜೂರಾದಾಗ ಪಾವಗಡಕ್ಕೇ ರೈಲು ಬರುತ್ತದೆಂದು ಪೇಟೆಯಲ್ಲಿ ಸಿಹಿ ಹಂಚಿದರು. ಆಮೇಲೆ ಕಾದು ಕಾದು, ಸರ್ಕಾರದ್ದು ಬರುವುದರೊಳಗೆ ನನ್ನದು ಬರುತ್ತದೆ ಎಂದು ವೈಪಿಯದೇ ಮಾದರಿ ಕಟ್ಟಲು ಲೇತಿನ ಮುಂದೆ ನಿಂತರು. ಅವರ ಮಾತು ನಿಜವಾಯಿತು.

ಬಂತು, ಆದರೆ ಎಳೆಯಲಿಲ್ಲ. ಮನೆ ಸುತ್ತಿ, ಹುಣಿಸೆಮರ ದಾಟಿ, ಬಣವೆಯ ಹತ್ತಿರ ಹಳಿ ಐವತ್ತು ಅಡಿಗೆ ಒಂದು ಅಡಿ ಏರುತ್ತದೆ. ಅಲ್ಲಿಗೆ ಬಂದ ಕೂಡಲೇ ಚಕ್ರಗಳು ಗರಗರ ತಿರುಗುತ್ತವೆ, ಚಿಮಣಿ ಅಬ್ಬರಿಸುತ್ತದೆ, ಗಾಡಿ ಮಾತ್ರ ಇದ್ದಲ್ಲೇ. ಕಾರಣವನ್ನು ಭಾವ ಬಿಸಿಲಲ್ಲಿ ನಿಲ್ಲಿಸಿಕೊಂಡು ವಿವರಿಸಿದರು. ಇಂಜಿನ್ನಿನ ತೂಕ 100 ಕೆ.ಜಿ. ವೈಪಿಯ ವಿನ್ಯಾಸದಲ್ಲಿ ಮುಂದೆ ನಾಲ್ಕು, ಹಿಂದೆ ಎರಡು ಚಕ್ರ ಸುಮ್ಮನೆ ಭಾರ ಹೊರುವಂಥವು. ಎಳೆಯುವ ಆರು ಚಕ್ರಗಳ ಮೇಲೆ ಕೂರುವುದು 55 ಕೆ.ಜಿ. ಒಣಗಿದ ಉಕ್ಕಿನ ಹಳಿ ಅದರ ಕಾಲು ಭಾಗದಷ್ಟು ಹಿಡಿತ ಕೊಡುತ್ತದೆ, ಅಂದರೆ ಹತ್ತಿರ ಹತ್ತಿರ 14 ಕೆ.ಜಿ. ಸಿಲಿಂಡರುಗಳಿಗೋ 40 ಕೆ.ಜಿ. ಎಳೆಯುವ ತಾಕತ್ತಿದೆ. "ಎತ್ತಿಗೆ ಕಸುವಿಲ್ಲ ಅಂತಲ್ಲ ಕಣಯ್ಯಾ, ಗೊರಸು ಬಂಡೆ ಮೇಲಿದೆ," ಅಂದರು. ಹಾಗಾದರೆ ಒತ್ತಡ ಹೆಚ್ಚಿಸಿದರೆ? ಚಕ್ರ ಇನ್ನೂ ಜೋರಾಗಿ ಜಾರುತ್ತದೆ, ಅಷ್ಟೆ. ಆದರೂ ಒಂದು ಕೈ ನೋಡೋಣವೆಂದು ಸೇಫ್ಟಿ ವಾಲ್ವಿಗೆ ಸ್ಪ್ಯಾನರ್ ಹಚ್ಚಿದವರನ್ನು ಅಕ್ಕ, "ಅದನ್ನ ಮುಟ್ಟಿದ್ರೆ ನಾನು ಇವತ್ತೇ ತವರಿಗೆ," ಎಂದು ತಡೆದಳು.

ಹಿಡಿತದ ಈ ಹುಡುಕಾಟದಲ್ಲಿ ನನ್ನ ಪಾತ್ರವೇನು? ನಾನು ಭಾರ. ಅದಕ್ಕಿಂತ ಹೆಚ್ಚಿನ ಸ್ಥಾನ ನನಗೆ ಆ ಮನೆಯಲ್ಲಿ ಸಿಕ್ಕಿಲ್ಲ. "ಸುಮ್ನೆ ಕೂತ್ಕೊಳಯ್ಯಾ, ನೀನು ಏನೂ ಮಾಡ್ಬೇಡ," ಎಂದು ಇಂಜಿನ್ನಿನ ಹಿಂದಿನ ಟ್ರಾಲಿಯಲ್ಲಿ ಕೂರಿಸುತ್ತಾರೆ. ಅದಕ್ಕೂ ಮೊದಲು ಕಡ್ಲೆಕಾಯಿ ಮೂಟೆ ತೂಗುವ ತಕ್ಕಡಿಯ ಮೇಲೆ ನಿಲ್ಲಿಸುತ್ತಾರೆ. ಲೆಕ್ಕ ಪಕ್ಕಾ ಇರಬೇಕಲ್ಲ! ಒಂದು ಯುಗಾದಿಗೆ ಬೀಗರೆಲ್ಲ ಸೇರಿದ್ದಾಗ ಊಟಕ್ಕೆ ಮುಂಚೆ ತೂಗಿ, ಟ್ರಾಲಿಯ ಪಕ್ಕದಲ್ಲಿ ಸೀಮೆಸುಣ್ಣದಿಂದ "ಬಾಮೈದ 84" ಎಂದು ಬರೆದರು. ಊಟವಾದ ಮೇಲೆ ಮತ್ತೆ ತೂಗಿ, 84 ಅಳಿಸಿ 85 ಮಾಡಿದರು. "ಹೋಳಿಗೆ," ಎಂದು ಬೀಗರ ಕಡೆ ತಿರುಗಿ ಕಾರಣವನ್ನೂ ಕೊಟ್ಟರು. ನನ್ನ ಹಿಂದೆ ಮಕ್ಕಳ ಸೈನ್ಯ ಹತ್ತಿತು. ಏರು ಬಂತು, ಚಕ್ರ ಜಾರಿತು. ಭಾವ ಮಕ್ಕಳಲ್ಲಿ ಒಬ್ಬರನ್ನೂ ಇಳಿಸಲಿಲ್ಲ. "ನೀನು ಇಳಿ," ಅಂದರು. ನಾನಿಳಿದೆ, ಗಾಡಿ ಸಲೀಸಾಗಿ ಹತ್ತಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಬೀಗರೂ ತಟ್ಟಿದರು.

ಮರುದಿನ ನನಗೆ ಬಡ್ತಿ. ಡಾರ್ಜಿಲಿಂಗ್ ರೈಲಿನಲ್ಲಿ ಇಂಜಿನ್ನಿನ ಮೂತಿಯ ಮೇಲೆ ಇಬ್ಬರು ಕೂತು ಹಳಿಗೆ ಕೈಯಿಂದ ಮರಳು ಹಾಕುತ್ತಿದ್ದರಂತೆ. ನಾಗಲಮಡಿಕೆಯ ಉತ್ತರ ಪಿನಾಕಿನಿಯಿಂದ ಒಂದು ಚೀಲ ಮರಳು ಬಂತು. ಅದನ್ನು ಜರಡಿ ಹಿಡಿದು, ಅಕ್ಕನ ಬಾಣಲೆಯಲ್ಲಿ ಹುರಿದು ನನ್ನ ಕೈಗಿತ್ತರು. ಕೈ ಸುಟ್ಟಿತು, ಹಳಿಗೆ ಹಿಡಿತವೂ ಬಂತು. ಆದರೆ ಅದೇ ಮರಳು ಹಿಂದಿನ ಟ್ರಾಲಿಗಳ ಚಕ್ರಕ್ಕೂ ಅಡ್ಡವಾಯಿತು, ಇಂಜಿನ್ನಿನ ಕೀಲುಗಳಿಗೂ ನುಗ್ಗಿತು. ಪ್ರಯೋಗ ನಿಂತಿತು, ಬಾಣಲೆಯ ಜಗಳ ಮಾತ್ರ ನಿಲ್ಲಲಿಲ್ಲ.

ಆಮೇಲೆ ಇಂಜಿನ್ನಿನ ಮುಂದಿನ ನಾಲ್ಕು ಚಕ್ರಗಳ ಬೋಗಿಯ ಸ್ಪ್ರಿಂಗ್ ಸಡಿಲಿಸಿ, ಆ ಭಾರವನ್ನು ಎಳೆಯುವ ಚಕ್ರಗಳಿಗೆ ತಳ್ಳಿದರು. ಏರು ಹತ್ತಿತು, ಹುಣಿಸೆಮರದ ತಿರುವಿನಲ್ಲಿ ದಾರಿ ತೋರಿಸಬೇಕಾದ ಬೋಗಿಯೇ ಹಳಿ ಬಿಟ್ಟಿತು. ಹಲ್ಲುಹಳಿ ಹಾಕಿಬಿಡುವ ಮಾತೂ ಬಂತು. ಊಟಿ ರೈಲು ಹನ್ನೆರಡಕ್ಕೆ ಒಂದರ ಏರನ್ನು ಹತ್ತುವುದು ಹಾಗೆಯೇ. 1812ರಲ್ಲಿ ಇಂಗ್ಲೆಂಡಿನ ಲೀಡ್ಸ್ ಗಣಿಯಲ್ಲಿ ಬ್ಲೆಂಕಿನ್ಸಾಪ್ ಎಂಬವನೂ ಹಲ್ಲುಹಳಿ ಹಾಕಿಸಿದ್ದ. ಮರುವರ್ಷವೇ ಹೆಡ್ಲಿ ಎಂಬ ಇನ್ನೊಬ್ಬ, ತೂಕವಿದ್ದರೆ ನುಣುಪು ಚಕ್ರವೂ ಎಳೆಯುತ್ತದೆಂದು ತೋರಿಸಿಕೊಟ್ಟ. ಇಷ್ಟನ್ನೂ ಭಾವ ನನಗೆ ಹೇಳಿದ್ದು ನಾನು ಟ್ರಾಲಿಯಲ್ಲಿ ಭಾರವಾಗಿ ಕೂತಿದ್ದಾಗ. ಎದ್ದು ಹೋಗುವ ಹಾಗಿರಲಿಲ್ಲ.

ಕೊನೆಗೆ ಏರು ಗೆದ್ದದ್ದು ಯಾವ ಪವಾಡದಿಂದಲೂ ಅಲ್ಲ. ಕಾರಿನ ವೀಲ್ ಬ್ಯಾಲೆನ್ಸಿಂಗ್ ಮಾಡುವ ಅಂಗಡಿಗಳಲ್ಲಿ ಹಳೆಯ ಸೀಸದ ತುಂಡು ಬೇಡಿ ತಂದು, ಎಳೆಯುವ ಚಕ್ರಗಳ ಸರಿಮೇಲಕ್ಕೆ 20 ಕೆ.ಜಿ. ಕೂರಿಸಿದರು. ಎಳೆತ 5 ಕೆ.ಜಿ. ಏರಿತು. ಚಿಮಣಿಯಿಂದ ಉಗಿಯ ಜೊತೆ ಸಿಡಿದು ಹಳಿಗೆ ಬೀಳುವ ಎಣ್ಣೆಯನ್ನು ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದರು. ಟ್ರಾಲಿಗಳಿಗೆ ಬಾಲ್ ಬೇರಿಂಗ್ ಹಾಕಿ, ಎಳೆಸಿಕೊಳ್ಳುವವರ ಮೊಂಡುತನ ತಗ್ಗಿಸಿದರು. ಎಲ್ಲಕ್ಕಿಂತ ಹೆಚ್ಚಾಗಿ ತಮ್ಮ ಕೈಯನ್ನು ತಿದ್ದಿಕೊಂಡರು: ಉಗಿಯನ್ನು ಒಮ್ಮೆಲೇ ಬಿಡದೆ, ಚಕ್ರ ಹಳಿ ಕಚ್ಚುವವರೆಗೆ ಕಾದು, ಇಷ್ಟಿಷ್ಟೇ ಬಿಡುವುದು. ಐಟಿಐ ಹುಡುಗರ ಮೇಲೆ ಇಡೀ ಜೀವಮಾನ ರೇಗಿದ ಮನುಷ್ಯ ಇಂಜಿನ್ನಿನ ಮುಂದೆ ತಾಳ್ಮೆ ಕಲಿತಿದ್ದನ್ನು ಅಕ್ಕ ಇವತ್ತಿಗೂ ನಂಬುವುದಿಲ್ಲ.

ಭಾವನ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಬನ್ನಿ ಎಂದು ಕರೆಯುತ್ತಲೇ ಇರುತ್ತಾರೆ. ಹೊಲವೆಲ್ಲ ಪಾರ್ಕಿಗೆ ಹೋಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಬರುತ್ತದೆ, ಉಳುವ ಕೆಲಸವಿಲ್ಲ. ಕಡ್ಲೆಕಾಯಿ ಬಿತ್ತುತ್ತಿದ್ದ ಕೈಗೆ ಉಳಿದದ್ದು ಮನೆಯ ಸುತ್ತಲಿನ ತುಂಡು ನೆಲ. ಅದಕ್ಕೆ ಹಳಿ ಹಾಸಿಕೊಂಡು ಕೂತಿದ್ದಾರೆ. ಊರಲ್ಲೇ ಉಳಿಯಲು ಅವರಿಗೊಂದು ತೂಕ ಬೇಕಿತ್ತು ಅನಿಸುತ್ತದೆ. ನಗರದಲ್ಲಿ ನಮಗೇನು ಕಮ್ಮಿ ಒತ್ತಡವೇ? ಚಕ್ರ ತಿರುಗುತ್ತದೆ, ಸದ್ದಂತೂ ವಿಪರೀತ, ಕಂತು ಕಟ್ಟಿ ನೋಡಿದರೆ ಗಾಡಿ ಹೋದ ವರ್ಷದ ಜಾಗದಲ್ಲೇ. ಮನುಷ್ಯನಿಗೆ ಬೇಕಾದದ್ದು ಹೆಚ್ಚಿನ ಉಗಿಯಲ್ಲ... ಇದೇನಿದು, ಭಾವನನ್ನು ಬೈಯಲು ಕೂತವನು ಹರಿಕಥೆ ಶುರುಮಾಡಿದೆ! ಅವರ ಸಹವಾಸವೇ ಹೀಗೆ.

ಮೊನ್ನೆ ಫೋನ್ ಮಾಡಿದ್ದರು. ವೈಪಿ ನೋಡಲು ಚೆಂದ, ಎಳೆಯಲು ವೈಜಿಯೇ ಸರಿಯಂತೆ. ಸರಕು ಗಾಡಿಯ ಇಂಜಿನ್ನು, ಎಳೆಯುವ ಚಕ್ರಗಳೇ ಎಂಟು, ಭಾರದ ಹೆಚ್ಚಿನ ಪಾಲು ಎಲ್ಲಿ ಬೇಕೋ ಅಲ್ಲೇ. ಚಾಸಿಸ್ ಕೆಲಸ ಆಗಲೇ ಶುರುವಾಗಿದೆ. "ಇದಕ್ಕೆ ನೀನೊಬ್ನೇ ಸಾಲಲ್ಲ ಕಣಯ್ಯಾ," ಅಂದರು. "ಹಬ್ಬಕ್ಕೆ ಬರೋವಾಗ ನಿಮ್ಮಾವನವ್ರನ್ನೂ ಕರ್ಕೊಂಡು ಬಾ. ಒಳ್ಳೆ ಮೈ ಇದೆ ಅವರಿಗೆ."